ಕೆಂಪು ಕಂಡಲ್ಲೆಲ್ಲ ಮನೆ

ಬ್ಯಾಡಗಿಯಲ್ಲಿ ನೀರು ಸರಬರಾಜಿನ ನಕ್ಷೆ ತಯಾರಿಸುವ ಕೆಲಸಕ್ಕೆ ನಾನು ರಾಣೆಬೆನ್ನೂರಿನಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಭೌಗೋಳಿಕ ಮಾಹಿತಿ ವ್ಯವಸ್ಥೆ ಎಂಬ ಭಾರವಾದ ಹೆಸರಿನ ಹಿಂದಿರುವುದು ಸರಳ ಉಪಾಯ. ಉಪಗ್ರಹದ ಚಿತ್ರವನ್ನು ನೋಡಿ ಮನೆಗಳನ್ನು ಒಂದು ಪದರದಲ್ಲಿ, ರಸ್ತೆಗಳನ್ನು ಇನ್ನೊಂದರಲ್ಲಿ, ಕೊಳವೆಗಳನ್ನು ಮತ್ತೊಂದರಲ್ಲಿ ಗುರುತಿಸುವುದು. ಪದರಗಳನ್ನು ಒಂದರ ಮೇಲೊಂದಿಟ್ಟು, ಕೊಳವೆ ಮುಟ್ಟದ ಮನೆಗಳೆಲ್ಲಿವೆ ಎಂದು ಕಂಪ್ಯೂಟರನ್ನು ಕೇಳುವುದು.

ಕಾಲೇಜಿನ ಚರ್ಚಾಕೂಟಗಳಲ್ಲಿ ಪಳಗಿದ್ದ ನಾನು ಪುರಸಭೆಯ ಸಭೆಯಲ್ಲಿ, "ನಕ್ಷೆಗೆ ಜಾತಿಯಿಲ್ಲ, ಪಕ್ಷವಿಲ್ಲ, ಬೀಗರಿಲ್ಲ" ಎಂದು ವಾದಿಸಿದೆ. ಹೊಸ ಕೊಳವೆಯನ್ನು ಊರಂಚಿನ ಬಯಲಿನತ್ತ ಒಯ್ಯಲು ಎಲ್ಲರೂ ಒಪ್ಪಿದರು. ನಕ್ಷೆಯಲ್ಲಿ ಅಲ್ಲಿ ಹೆಂಚಿನ ಮನೆಗಳು ಒತ್ತೊತ್ತಾಗಿದ್ದವು. ಅವುಗಳ ಗೆರೆಗಳನ್ನು ನಾನೇ ಎಳೆದಿದ್ದೆ.

ಮರುದಿನ ಒಬ್ಬ ಹೆಣ್ಣುಮಗಳು ಕಚೇರಿಗೆ ಬಂದಳು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸದವಳು. ಬೇವಿನ ಮರಗಳ ಓಣಿಯಲ್ಲಿ ಮನೆ. ನೀರನ್ನು ಬಹುದೂರದಿಂದ ಹೊತ್ತು ತರುತ್ತಿದ್ದಳು.

"ನಮ್ಮ ಓಣಿಗೆ ನಳ ಇಲ್ಲಂತ, ಖಾಲಿ ಜಾಗಾಕ್ಕ ನಳ ಅಂತ. ಖರೇ ಏನ್ರಿ ಸಾಹೇಬ್ರ?"

"ಖಾಲಿ ಅಲ್ರಿ ಅಕ್ಕಾರ, ಅಲ್ಲಿ ಹೆಂಚಿನ ಮನಿ ಅದಾವು" ಎಂದು ಪರದೆಯ ಮೇಲಿನ ಕೆಂಪು ಚೌಕಗಳನ್ನು ತೋರಿಸಿದೆ.

ಆಕೆ ಬಗ್ಗಿ ನೋಡಿ, ಬಾಯಿಗೆ ಸೆರಗು ಹಿಡಿದು ನಕ್ಕಳು.

"ಇವು ಮನಿ ಅಲ್ರೀ ಯಪ್ಪಾ! ಒಣಾ ಹಾಕಿದ ಮೆಣಸಿನಕಾಯಿ. ಮೆಣಸಿನಕಾಯಿಗೆ ನಳಾ ಕೊಟ್ರ ಕೊಳತು ಹೋಗತಾವ ನೋಡ್ರಿ!"

"ಹಂಗಾರ ನಿಮ್ಮ ಮನಿ ಎಲ್ಲೈತಿ?"

ಆಕೆ ಬೆರಳಿಟ್ಟ ಕಡೆ ಬರೀ ಹಸಿರಿತ್ತು. ಮರಗಳಡಿಯ ಇಡೀ ಓಣಿಯನ್ನು ನಾನು ತೋಪು ಎಂದು ಗುರುತಿಸಿದ್ದೆ.

"ನಿಮಗ ಕಾಣಾಕ ನಾವು ಗಿಡಾ ಕಡಸಬೇಕೇನ್ರಿ?"

ಅಂದೇ ಮಧ್ಯಾಹ್ನ ಆಕೆಯೊಂದಿಗೆ ಓಣಿಗೆ ಹೋದೆ. ದಟ್ಟ ಎಲೆಗಳಡಿ ನಾವಿರುವ ಜಾಗ ತೋರಿಸುವ ಮೊಬೈಲಿನ ಗುರುತು ಸರಿದಾಡಿ, ಆಕೆಯ ಹೊಸ್ತಿಲನ್ನು ಗಟಾರದಾಚೆ ತೋರಿಸಿತು. ಕೊನೆಗೆ ನಕ್ಷೆಯಲ್ಲಿ ಗುರುತಾಗಿದ್ದ, ಓಣಿಯ ಮೂಲೆಯ ವಿದ್ಯುತ್ ಕಂಬದಿಂದ ಪ್ರತಿ ಬಾಗಿಲಿಗೂ ಟೇಪು ಹಿಡಿದು ಅಳೆದೆವು; ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಆಕೆಯ ಕೈಯಲ್ಲಿ.

ಮುಂದಿನ ಸಭೆಯಲ್ಲಿ ನನ್ನ ನಕ್ಷೆಯ ವಿರುದ್ಧ ನಾನೇ ಮಾತನಾಡಬೇಕಾಯಿತು.

"ಹ್ವಾದ ಸಲ ಹಂಗಂದ್ರಿ, ಈಗ ಹಿಂಗಂತೀರಿ. ಯಾವುದ್ರಿ ನಿಮ್ಮ ಖರೇ ಮಾತು?" ಎಂದು ಸದಸ್ಯರೊಬ್ಬರು ಕೆಣಕಿದರು.

"ಹ್ವಾದ ಸಲ ನಾ ಹೋಗಿ ನೋಡಿರಲಿಲ್ರಿ" ಎಂದೆ. ಅದಕ್ಕಿಂತ ದೊಡ್ಡ ವಾದ ನನ್ನಲ್ಲಿರಲಿಲ್ಲ. ಅಳತೆಯ ಹಾಳೆ ಕೈಯಿಂದ ಕೈಗೆ ಹೋಯಿತು. ಕೊಳವೆಯ ದಾರಿ ಓಣಿಯತ್ತ ತಿರುಗಿತು.

ಆದರೆ ಅಗೆತ ನಡೆದಾಗ ಬೇವಿನ ಬೇರುಗಳು ಅಡ್ಡ ಬಂದವು. ಕೆಲಸ ಆಕೆಯ ಮನೆಗಿಂತ ಮೂರು ಮನೆ ಈಚೆಗೆ ನಿಂತಿತು. ನಾನೂ ಗೆರೆಯನ್ನು ಅಲ್ಲಿಗೇ ನಿಲ್ಲಿಸಿ, ಉಳಿದ ಬಾಗಿಲುಗಳನ್ನು ನೀರಿಲ್ಲದವೆಂದೇ ದಾಖಲಿಸಿದೆ. ಆಕೆ ಈಗ ಕೊಡ ಹಿಡಿದು ಮೂರು ಮನೆ ಆಚೆಯ ನಳದವರೆಗೆ ನಡೆಯುತ್ತಾಳೆ.