ಬೇಳೆ ಬೆಂದ ಊರು

ಒಂದು ಊರು ಬಾಳುವೆಗೆ ಯೋಗ್ಯವೋ ಅಲ್ಲವೋ ಎಂದು ತಿಳಿಯಲು ನಮ್ಮ ಅತ್ತೆಯವರ ಹತ್ತಿರ ಒಂದೇ ಪರೀಕ್ಷೆ ಇತ್ತು. ಅಲ್ಲಿಯ ಬಾವಿ ನೀರಿನಲ್ಲಿ ತೊಗರಿಬೇಳೆ ಬೇಯಬೇಕು. ಬೆಂದರೆ ನೀರು ಸಿಹಿ. ಬೇಯದಿದ್ದರೆ, ದೇವೇಂದ್ರನ ಪಟ್ಟಣವೇ ಆಗಲಿ, ಆ ಕಡೆ ಕಾಲಿಡಬಾರದು. ಕಲಬುರ್ಗಿ ಕಡೆ ಹೆಣ್ಣು ಕೊಡುವಾಗಲೂ ಹಿರಿಯರು ಮೊದಲು ಇದನ್ನೇ ವಿಚಾರಿಸುತ್ತಿದ್ದರಂತೆ. ನನ್ನನ್ನು ಹೈದರಾಬಾದಿಗೆ ಕೊಡುವಾಗ ಯಾರೂ ವಿಚಾರಿಸಲಿಲ್ಲ, ವರ ಸರ್ಕಾರಿ ನೌಕರಿಯಲ್ಲಿದ್ದಾನೆ ಎಂದ ಕೂಡಲೇ ಎಲ್ಲರ ಬಾಯಿ ಕಟ್ಟಿತ್ತು.

ಆ ಸರ್ಕಾರಿ ನೌಕರನ ನಿವೃತ್ತಿ ಹತ್ತಿರ ಬಂದಾಗ ನಮ್ಮಿಬ್ಬರಿಗೂ ಹೊಲದ ಹುಚ್ಚು ಹಿಡಿಯಿತು. ಅವರು ಕೋಠಿ ಬಜಾರಿನ ಫುಟ್‌ಪಾತಿನಲ್ಲಿ ಹಳೆಯ ಕೃಷಿ ಪುಸ್ತಕವೊಂದನ್ನು ಕೊಂಡು ತಂದು, ಕಚೇರಿಗೂ ಒಯ್ದು ಓದುತ್ತಿದ್ದರು. ನಾನಂತೂ ಹುಟ್ಟಿದಾಗಿನಿಂದ ಬಾಡಿಗೆ ಮನೆಯಲ್ಲೇ ಬೆಳೆದವಳು. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮಾಲೀಕರ ಅಪ್ಪಣೆ ಕೇಳಬೇಕಿತ್ತು. ನನ್ನದೆಂಬ ನೆಲದಲ್ಲಿ ನನ್ನದೆಂಬ ಒಂದು ಬದನೆ ಗಿಡ ನೆಡಬೇಕು ಎಂದು ಜೀವ ಬಡಿದುಕೊಳ್ಳುತ್ತಿತ್ತು. ಆದರೆ ಅತ್ತೆಯವರನ್ನು ಬಿಟ್ಟು ಹೋಗುವ ಮಾತೇ ಇರಲಿಲ್ಲ, ಅವರು ಹೂಂ ಅನ್ನಬೇಕಿತ್ತು.

ಎರಡು ಕಡೆ ನೋಡಿ ಬಂದಿದ್ದೆವು. ಎರಡೂ ಕಡೆ ಬೇಳೆ ಕಲ್ಲಿನ ಹಾಗೆ ಉಳಿಯಿತು, ಪುಸ್ತಕ ಮೂಲೆ ಸೇರಿತು. ತಾಂಡೂರಿನ ಕಡೆಯ ಒಂದು ಹೊಲವೇ ಕೊನೆಯದು, ಇದೂ ಆಗದಿದ್ದರೆ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಫ್ಲ್ಯಾಟು ಎಂದು ಮಾತಾಗಿತ್ತು. ಒಂದು ಭಾನುವಾರ ಪ್ಯಾಸೆಂಜರ್ ರೈಲು ಹತ್ತಿದೆವು. ಜೊತೆಗೆ ಪಾತ್ರೆ, ಬೇಳೆ, ಜೋಳದ ರೊಟ್ಟಿ, ಬೇಗಂ ಬಜಾರಿನಲ್ಲಿ ಕೊಂಡ ಎರಡು ಹಳದಿ ಕ್ಯಾನು. ಒಂದರಲ್ಲಿ ಅತ್ತೆಯವರು ಕುಡಿಯಲು ಮನೆಯ ನಲ್ಲಿ ನೀರು, ಇನ್ನೊಂದು ಬಾವಿ ನೀರು ತುಂಬಲು ಖಾಲಿ.

ಹೊಲ ನೋಡಿದ ಕೂಡಲೇ ನಾನು ಸೋತೆ. ಕರಿ ಎರೆ ಭೂಮಿ, ಬದುವಿನ ಮೇಲೆ ಎರಡು ಬೇವಿನ ಮರ, ಸ್ಟೇಷನ್ನಿಗೆ ಬಸ್ಸು, ಹತ್ತಿರದಲ್ಲೇ ದವಾಖಾನೆ. ಹೊಲದ ಯಜಮಾನ, ನೆರೆಯ ಊರಿನ ಮುದುಕ, ಮಜ್ಜಿಗೆಯ ತಂಬಿಗೆ ಹಿಡಿದು ಬಂದು, "ಅಂತಾ ಮೀದೇ, ಎಲ್ಲಾ ನಿಮ್ದೇ ಅನ್ಕೋರಿ ಅಮ್ಮಾ" ಎಂದ. ಅವನು ಹೇಳುವ ಮೊದಲೇ ನಾನು ಹಾಗೆ ಅಂದುಕೊಂಡಾಗಿತ್ತು. ಇಲ್ಲಿ ಅಡುಗೆಮನೆ, ಇಲ್ಲಿ ಆಕಳು ಎಂದು ಹೆಜ್ಜೆ ಹಾಕುತ್ತ, ನಗುತ್ತ ಹೊಲದ ತುಂಬ ಓಡಾಡಿದೆ. ನಮ್ಮ ಮನೆಯವರು ಮಣ್ಣು ಹಿಚುಕಿ ಮೂಸಿ ನೋಡಿ, ಐವತ್ತೇಳರ ವಯಸ್ಸಿನಲ್ಲಿ ಬದು ಹಾರಿದರು.

ಅತ್ತೆಯವರು ಬಾವಿಯ ಹತ್ತಿರ ಕೈಕಾಲು ತೊಳೆದು, ಬಾಯಿ ಮುಕ್ಕಳಿಸಿ, ಮೂರು ಕಲ್ಲಿನ ಒಲೆಯ ಮುಂದೆ ಕೂತರು. ಖಾಲಿ ಕ್ಯಾನಿಗೆ ಬಾವಿ ನೀರು ತುಂಬಿ ತಂದಿಟ್ಟ ನನ್ನ ಗಂಡ, ಕ್ಯಾನು ಎತ್ತಿ ಪಾತ್ರೆಗೆ ನೀರು ಸುರಿದರು. ತೊಗರಿ ಕಟ್ಟಿಗೆ ಧಗಧಗ ಉರಿಯಿತು. ನಾನು ಮುಚ್ಚಳ ತೆಗೆದು ನೋಡಿದ್ದೇ ನೋಡಿದ್ದು. ಕೊನೆಗೆ ಅತ್ತೆಯವರು ಒಂದು ಬೇಳೆಯನ್ನು ಎರಡು ಬೆರಳ ನಡುವೆ ಒತ್ತಿದರು. ಅದು ಬೆಣ್ಣೆಯಾಗಿ ಜಾರಿತು. ಅವರು ಬೆರಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಬೆಂದೈತಿ. ಮನಿ ಇಲ್ಲೇ ಆಗ್ಲಿ" ಎಂದರು.

ನಾನು ನಾಚಿಕೆ ಬಿಟ್ಟು ಗಂಡನ ಕೈ ಹಿಡಿದು ಗಿರಗಿರ ತಿರುಗಿದೆ. ಮುದುಕ ಯಜಮಾನ ಮುಖ ಆ ಕಡೆ ಮಾಡಿ ನಕ್ಕ.

ವಾಪಸ್ ರೈಲಿನಲ್ಲಿ ಬಾಯಾರಿಕೆಯಾಗಿ ಕ್ಯಾನು ಎತ್ತಿ ಒಂದು ಗುಟುಕು ಕುಡಿದೆ. ಉಪ್ಪುಪ್ಪು, ನುಂಗಲಾಗಲಿಲ್ಲ. ಇನ್ನೊಂದು ಕ್ಯಾನು ಎತ್ತಿದೆ, ಖಾಲಿ. ಗಂಡನ ಮುಖ ನೋಡಿದೆ. ಅವರೂ ಒಂದು ಗುಟುಕು ಕುಡಿದು ಬಿಳಿಚಿಕೊಂಡರು. ಬೇಳೆ ಬೆಂದದ್ದು ಹೈದರಾಬಾದಿನ ನಲ್ಲಿ ನೀರಿನಲ್ಲಿ. ನನಗೆ ಅಳು ಬರಬೇಕಿತ್ತು, ಬಂದದ್ದು ನಗು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲದು, ಅವರಿಗೂ ಹತ್ತಿಕೊಂಡಿತು. ನಗುತ್ತಲೇ ನನ್ನ ಬದನೆ ಗಿಡ ಕೈಬಿಟ್ಟು ಹೋಗುವುದು ಕಾಣುತ್ತಿತ್ತು. ಹೇಳದೆ ಇರುವ ಹಾಗಿರಲಿಲ್ಲ.

"ಅತ್ತೀ, ನೀರು ಅದಲು ಬದಲಾಗೇತ್ರಿ" ಎಂದೆ.

"ಗೊತ್ತೈತಿ. ಬಾಯಿ ಮುಕ್ಕಳಿಸಿದಾಗೇ ಗೊತ್ತಾತು, ಅದು ಸೌಳು ನೀರು. ಅದರಾಗ ಸಂಜೀತನ ಕುದಿಸಿದ್ರೂ ಬ್ಯಾಳಿ ಬೇಯೂದಿಲ್ಲ."

"ಮತ್ತ ಹೂಂ ಯಾಕ ಅಂದ್ರಿ?"

ಅವರು ಕಿಟಕಿಯ ಕಡೆ ನೋಡುತ್ತ ಹೇಳಿದರು: "ಮುವತ್ತು ವರ್ಷ ಆತು ನೀ ನಮ್ಮನಿಗೆ ಬಂದು. ಇವತ್ತು ಹೊಲದಾಗ ನಕ್ಕಂಗ ಒಂದು ದಿನಾ ನಕ್ಕಿದ್ದಿಲ್ಲ. ತೊಗರಿ ಬೇಯದಿದ್ರ ಹೆಸರಬ್ಯಾಳಿ ತಿಂದ್ರಾತು ತಗೋ."

ಹೆಸರುಬೇಳೆಯನ್ನು ಅವರು ಜ್ವರ ಬಂದವರ ಊಟ ಎಂದು ಜನ್ಮದಲ್ಲಿ ಮುಟ್ಟಿದವರಲ್ಲ. ನನ್ನ ನಗು ಅಲ್ಲಿಗೆ ನಿಂತಿತು. ಅವರ ಕೈ ಹಿಡಿದು ಕೂತೆ, ವಿಕಾರಾಬಾದ್ ದಾಟುವ ತನಕ ಬಿಡಲಿಲ್ಲ.

ಆ ಹೊಲದಲ್ಲಿ ಮನೆ ಕಟ್ಟಿದೆವು. ಅಲ್ಲಿ ಬದುಕಿದ್ದಷ್ಟು ವರ್ಷವೂ ಅತ್ತೆಯವರು ಹೆಸರುಬೇಳೆಯನ್ನೇ ಉಂಡರು, ಒಮ್ಮೆಯೂ ತೊಗರಿ ಬೇಕೆನ್ನಲಿಲ್ಲ. ನಾನು ಬಡಿಸಲು ಬಗ್ಗಿದಾಗ ಮಾತ್ರ ದಿನವೂ ಕೇಳುತ್ತಿದ್ದರು, "ಇವತ್ತ ಜ್ವರ ಯಾರಿಗೆ ಬಂದೈತಿ?"