ರಾತ್ರಿ ಕರೆಂಟಿನ ಸರದಿ

ನಮ್ಮೂರಿಗೆ ಯಾರಾದರೂ ಬಂದು ಒಳ್ಳೇದು ಮಾಡ್ತೀನಿ ಅಂದರೆ ಜನ ಮೊದಲು ಅವನು ಬಂದ ಗಾಡಿಯ ನಂಬರು ನೋಡ್ತಾರೆ. ಎಲ್ಲಿಯವನು, ಯಾರ ಕಡೆಯವನು, ಇದರಲ್ಲಿ ಅವನಿಗೇನು ಗಿಟ್ಟುತ್ತೆ ಅಂತ ವಿಚಾರಿಸ್ತಾರೆ. ಇಷ್ಟೆಲ್ಲ ತಿಳಿದ ಮೇಲೂ ನಂಬೋದಿಲ್ಲ. ಬೆಸಗರಹಳ್ಳಿ ಪಕ್ಕದ ನನ್ನ ತವರಿನವರು ಹೀಗಿರಲಿಲ್ಲ ಅಂದರೆ ಸುಳ್ಳಾದೀತು. ಮಳವಳ್ಳಿ ಕಡೆಗೆ ಮದುವೆಯಾಗಿ ಬಂದ ಮೇಲೆ ನನ್ನ ಅನುಮಾನಕ್ಕೊಂದು ಜೊತೆ ಸಿಕ್ಕಿತು, ಅಷ್ಟೆ. ನಮ್ಮನೆಯವರು ಡೈರಿಯ ಮಿಷಿನ್ನನ್ನೂ ನಂಬದೆ ಹಾಲನ್ನು ಮನೆಯಲ್ಲೇ ಒಂದು ಸಲ ಅಳೆದುಕೊಂಡು ಹೋಗುವ ಮನುಷ್ಯ.

ಕರೆಂಟಾಫೀಸಿನ ಇಂಜಿನಿಯರು ಬಂದು ಕೂತದ್ದು ಆ ಡೈರಿಯ ಜಗಲಿ ಮೇಲೇ. ಊರಾಚೆ ಬೋರೆ ಗುಡ್ಡದ ಮೇಲೆ ಕಂಪನಿಯವರು ಸೋಲಾರ್ ನಿಲ್ಲಿಸ್ತಾರಂತೆ, ಪಂಪ್‌ಸೆಟ್ಟಿಗೆ ತ್ರೀಫೇಸು ಇನ್ನು ಮೇಲೆ ಹಗಲು ಹೊತ್ತೇ ಬರುತ್ತಂತೆ. ಹಾಲು ಹಾಕೋಕೆ ಹೋಗಿದ್ದ ನನಗೆ ಅಲ್ಲೇ ಕುಣಿಯೋಣ ಅನ್ನಿಸಿತು. ನಾನು ಈ ಮನೆಗೆ ಬಂದಾಗಿನಿಂದ ನಮ್ಮನೆಯವರು ಹೊತ್ತಲ್ಲದ ಹೊತ್ತಲ್ಲಿ ಟಾರ್ಚು ಹಿಡಿದು ಕಬ್ಬಿಗೆ ನೀರು ಕಟ್ಟೋಕೆ ಹೋಗ್ತಾರೆ. ಮೊದಲು ಹಾವಿನ ಭಯ ಒಂದೇ ಇತ್ತು. ಈಗ ಕಬ್ಬಿನೊಳಗೆ ಚಿರತೆ ಮರಿ ಹಾಕುತ್ತೆ. ಅವರು ವಾಪಸ್ಸು ಬಂದು ಬಚ್ಚಲಲ್ಲಿ ಕಾಲು ತೊಳೆಯೋ ಸದ್ದು ಕೇಳುವ ತನಕ ನನಗೆ ಕಣ್ಣು ಮುಚ್ಚೋದಿಲ್ಲ. ಗಂಡ ರಾತ್ರಿ ಮನೆಯಲ್ಲಿ ಮಲಗಬೇಕು. ಇದು ಬಿಟ್ಟು ನಾನು ಯಾವ ಸರ್ಕಾರದಿಂದಲೂ ಏನೂ ಕೇಳಿದವಳಲ್ಲ.

ಗಂಡಸರು ಸುಮ್ಮನಿರ್ತಾರಾ?

"ಮೋಡ ಮುಚ್ಕಂಡ್ರೆ ಏನ್ ಸಾ ಮಾಡದು?" ಅಂತ ನಮ್ಮನೆಯವರೇ ಶುರು ಮಾಡಿದರು.

"ಕಲ್ಲಿದ್ದಲಿನ ಕರೆಂಟು ಇದ್ದೇ ಇರುತ್ತಲ್ಲ ಯಜಮಾನ್ರೆ" ಅಂದ ಇಂಜಿನಿಯರು.

"ಎಲ್ಲಿಗಂಟ ಇರ್ತದೆ?"

"ಅದಿಲ್ಲದೆ ನಮ್ಮ ದೇಶ ನಡೆಯುತ್ತಾ? ಇನ್ನೂ ಬೇಕಾದಷ್ಟು ವರ್ಷ ಇರುತ್ತೆ."

"ಅಂಗಾರೆ ಬರ್ದುಕೊಡಿ."

ಆತ ನಕ್ಕುಬಿಟ್ಟ. ಪಾಪ, ವಯಸ್ಸಿನ ಹುಡುಗ, ನಗು ಬಂತು ನಕ್ಕ. ಆದರೆ ಅವನ ಜೀಪು ತಿರುಗೋ ಹೊತ್ತಿಗೆ ಜಗಲಿ ಮೇಲೆ ತೀರ್ಮಾನ ಆಗಿತ್ತು. ನಗ್ತಾನೆ ಅಂದ್ರೆ ಇದ್ರಲ್ಲಿ ಏನೋ ಐತೆ.

ಏನಿದ್ದರೂ ಸೋಲಾರ್ ಬಂತು, ಹಗಲು ಕರೆಂಟೂ ಬಂತು. ತಿಂಡಿ ತಿಂದು, ಬಿಳೀ ಬಿಸಿಲಲ್ಲಿ, ನಾಲ್ಕು ಜನ ಕಾಣೋ ಹಾಗೆ ನಮ್ಮನೆಯವರು ಮೋಟರು ಹಾಕೋಕೆ ಹೋದದ್ದು ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ನಾನೂ ಹಗಲೆಲ್ಲ ದುಡಿದವಳು, ರಾತ್ರಿ ಹಾಸಿಗೆಗೆ ಬಿದ್ದರೆ ಸತ್ತ ಹಾಗೆ ಮಲಗೋಕೆ ಶುರು ಮಾಡಿದೆ.

ಅದೇ ಎಡವಟ್ಟಾಯಿತು. ಒಂದು ಬೆಳಗ್ಗೆ ಬಾಗಿಲು ಸಾರಿಸೋಕೆ ಹೋದರೆ ಅವರ ಚಪ್ಪಲಿಗೆ ಹಸೀ ಕೆಸರು ಮೆತ್ತಿದೆ. ಮಳೆ ಬಿದ್ದಿಲ್ಲ. ಹಿಂದಿನ ಸಂಜೆ ನಾನೇ ಆ ಚಪ್ಪಲಿ ತೊಳೆದಿಟ್ಟಿದ್ದೆ. ಕೇಳಿದರೆ "ನಾಯಿ ಎಳ್ಕಂಡೋಗಿರ್ಬೇಕು" ಅಂದರು. ನಾಯಿ ಚಪ್ಪಲಿ ಹಾಕ್ಕೊಂಡು ಗದ್ದೆಗೆ ಹೋಗಿ ಬಂದು ಜೋಡಿಸಿಡುತ್ತಾ? ಇಸ್ಪೀಟಿರಬಹುದು ಅಂದುಕೊಂಡೆ. ಹೆಂಗಸಿರಬಹುದು ಅಂತಲೂ ಅಂದುಕೊಂಡೆ, ಯಾಕೆ ಸುಳ್ಳು ಹೇಳಲಿ. ಈ ವಯಸ್ಸಲ್ಲಿ ಅಂಗಿ ಮೂಸಿ ನೋಡಿದೆ. ಬೆವರು, ಬೀಡಿ ಬಿಟ್ಟರೆ ಏನೂ ಇರಲಿಲ್ಲ. ಥೂ, ನನ್ನ ಜನ್ಮಕ್ಕೆ ಅಂತ ನಾನೇ ಬೈಕೊಂಡೆ.

ಬುತ್ತಿ ಕೊಡೋ ನೆಪ ಮಾಡಿ ಗದ್ದೆಗೆ ಹೋದೆ. ಮೇಲಿನ ಪಟ್ಟೆಯಲ್ಲಿ ಕಾಲಿಟ್ಟರೆ ಮೊಣಕಾಲಿಗೆ ಬರುವಷ್ಟು ಕೆಸರು. ಕಬ್ಬಿನ ಗರಿ ಹಳದಿ ತಿರುಗಿತ್ತು. ಹಗಲು ನೀರು ಬಿಟ್ಟಿದ್ದು ಕೆಳಗಿನ ಪಟ್ಟೆಗೆ. ಇಲ್ಲಿಗೆ ಯಾರು ಬಿಟ್ಟರು? ಬದುವಿನಾಚೆ ಪಕ್ಕದ ಜಮೀನಿನವಳು ಕಳೆ ಕೀಳುತ್ತಿದ್ದಳು. ಅವಳನ್ನೇ ಕೇಳಿದೆ.

"ಅಯ್ಯೋ, ನಿಮ್ಮೋರೂ ಓಯ್ತಾರಾ?" ಅಂತ ಅವಳು ಕುಡುಗೋಲು ಕೆಳಗಿಟ್ಟಳು. "ನಮ್ಮೋರು ಓಗದು ಬುದ್ವಾರ ರಾತ್ರಿ. ಬೇರೆ ಎಂಗಸ್ರ ತಾವ ಓಯ್ತಾ ಅವ್ರೆ ಅಂತ ನಾನು ಮುತ್ತತ್ತಿರಾಯನ್ಗೆ ಅರ್ಕೆ ಕಾಯಿ ಕಟ್ಬುಟ್ಟಿವ್ನಿ ಕಣಮ್ಮಿ!"

ದಾರಿಯಲ್ಲಿ ಬೀದಿಯ ಇನ್ನಿಬ್ಬರು ಹೆಂಗಸರನ್ನ ಕೇಳಿದಾಗ ಗುಟ್ಟು ಬಯಲಾಯಿತು. ನಮ್ಮ ಬೀದಿಯ ಗಂಡಸರು ರಾತ್ರಿಗಳನ್ನ ತಮ್ಮತಮ್ಮಲ್ಲೇ ಹಂಚಿಕೊಂಡಿದ್ದರು. ತೋಟದ ಮನೆಗಳ ದೀಪಕ್ಕೆ ಅಂತ ಬಿಡುವ ಬಡಕಲು ಕರೆಂಟಿಗೆ ಕಂಡೆನ್ಸರು ಸಿಕ್ಕಿಸಿ ಸರದಿ ಪ್ರಕಾರ ಮೋಟರು ಓಡಿಸುತ್ತಿದ್ದರು. ಕಂಡೆನ್ಸರು ಅಂದರೆ ಒಂದು ಡಬ್ಬಿ, ಫೇಸು ಸಾಲದಿದ್ದರೂ ಮೋಟರನ್ನ ಏಮಾರಿಸಿ ತಿರುಗಿಸುತ್ತೆ. ನೀರು ಬೇಕಿತ್ತಾ? ಬೇಡ. ಬೇಕಾದಷ್ಟು ಹಗಲೇ ಬರ್ತಿತ್ತು.

ಮನೆಗೆ ಬಂದ ತಕ್ಷಣ ಹಿಡಿದುಕೊಂಡೆ. ಆಗ ಬಾಯಿ ಬಿಟ್ಟರು.

"ನಿಂಗೆ ತಿಳಿಯಾಕಿಲ್ಲ ಸುಮ್ಕಿರು. ಕಲ್ಲಿದ್ಲು ಸುಡೋ ಒಲೆ ನಿನ್ನ ಗ್ಯಾಸ್ ಒಲೆ ಅಂದ್ಕಂಡ್ಯಾ, ಬೇಕಾದಾಗ ಅಚ್ಚಿ ಬ್ಯಾಡ್ದಾಗ ಆರ್ಸಕ್ಕೆ? ಟೀವಿಲೇ ಏಳವ್ರೆ. ಸಂಜೆ ಮ್ಯಾಲೆ ಕರೆಂಟು ಎಳ್ಯೋರೇ ಇಲ್ಲ ಅಂದ್ರೆ ಆ ಒಲೆಗೆ ನೀರುಯ್ದುಬುಡ್ತಾರೆ. ಆಮ್ಯಾಕೆ ಮೋಡ ಬಂದಾಗ ಎಲ್ಲಿಗೋಗಿ ಕೇಳೀಯೆ? ನಾವು ರಾತ್ರಿ ಒಸಿ ಎಳೀತಾ ಇದ್ರೆ, ಈ ಕಡೆಯೋರ್ಗೆ ಬೇಕು ಅಂತ ಅವರ ಲೆಕ್ಕಕ್ಕೆ ಬತ್ತದೆ."

ಎಲ್ಲೋ ರಾಯಚೂರು ಕಡೆ ಉರಿಯೋ ಬೆಂಕಿ ಆರಬಾರದು ಅಂತ ನಮ್ಮನೆಯವರು ನಿದ್ದೆಗೆಟ್ಟು ಕಬ್ಬು ಕೊಳೆಸ್ತಿದ್ದಾರೆ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಾಯಿಗೆ ಬಂದ ಹಾಗೆ ಬೈದೆ. ಅವರು ಮುದ್ದೆ ಮುರಿಯುತ್ತಾ ಕೂತಿದ್ದರು.

ಅದೇ ವಾರ ಮೋಡ ಕವಿಯಬೇಕಾ? ಆಷಾಢದ ಮೋಡ, ಮಳೆಯೂ ಇಲ್ಲ ಬಿಸಿಲೂ ಇಲ್ಲ. ಹಗಲು ಕರೆಂಟು ಕೈಕೊಟ್ಟಿತು. ಆಫೀಸಿನಿಂದ ಎಲ್ಲರ ಫೋನಿಗೂ ಮೆಸೇಜು ಬಂತು, ಮೋಡ ಕಳೆಯೋ ತನಕ ತ್ರೀಫೇಸು ರಾತ್ರಿ ಕೊಡ್ತೀವಿ ಅಂತ. ನಮ್ಮನೆಯವರು ಆ ಫೋನನ್ನ ತಂದು ನನ್ನ ಮೂಗಿಗೇ ಹಿಡಿದರು. "ಕಲ್ಲಿದ್ಲು ಇಲ್ದಿದ್ರೆ ಇವತ್ತು ನಿನ್ನ ಸೂರ್ಯ ಏನ್ಕೊಡ್ತಿದ್ದ, ಏಳು?" ನಿಜ ಹೇಳಬೇಕಂದರೆ, ಮೋಡದ ದಿನಕ್ಕೆ ಆ ಬೆಂಕಿಯನ್ನ ಯಾರು ಕಾಯ್ತಾರೆ, ಎಷ್ಟು ವರ್ಷ ಕಾಯ್ತಾರೆ ಅನ್ನೋ ಅನುಮಾನ ನನಗೂ ಇದೆ. ಆದರೆ ಅದನ್ನ ಕಾಯೋ ಕೆಲಸ ನನ್ನ ಗಂಡನದ್ದಾ?

ಮೋಡ ಕಳೆಯಿತು, ಹಗಲು ಕರೆಂಟು ವಾಪಸ್ಸು ಬಂತು. ಸರದಿ ಮಾತ್ರ ನಿಲ್ಲಲಿಲ್ಲ. ಒಂದು ಬೆಳಗ್ಗೆ ಹುಲ್ಲಿಗೆ ಹೋದವಳು ಕಾಲುವೆ ಪಕ್ಕದ ಕೆಸರಲ್ಲಿ ಅವರ ಚಪ್ಪಲಿ ಗುರುತು ನೋಡಿದೆ. ಆ ಗುರುತಿನ ಮೇಲೇ, ಅದನ್ನ ಅರ್ಧ ಮುಚ್ಚಿಕೊಂಡು, ಚಿರತೆಯ ಹೆಜ್ಜೆ. ಅಂದರೆ ಇವರು ಹೋದ ಮೇಲೆ ಅದು ಹಿಂದೆಯೇ ಹೋಗಿದೆ. ಕುಡುಗೋಲು ಅಲ್ಲೇ ಬಿಸಾಕಿ ಮನೆಗೆ ಓಡಿದೆ. ಕರೆದು ತೋರಿಸಿದರೆ "ಅದು ನಾಯೀದು" ಅಂದರು. ಎಲ್ಲವನ್ನೂ ಅನುಮಾನಿಸೋ ಮನುಷ್ಯ, ಅನುಮಾನ ಪಡಲೇಬೇಕಾದ ಕಡೆ ನಾಯಿ ಅಂತಾರೆ.

ಆಮೇಲೆ ಊರ ಮುಂದಿನ ಟ್ರಾನ್ಸ್‌ಫಾರ್ಮರ್ರು ಸುಟ್ಟುಹೋಯಿತು. ಲೈನ್‌ಮನ್ನು ಕಂಬದಿಂದ ಇಳಿದು, "ರಾತ್ರಿ ಎಷ್ಟು ಜನ ಕಂಡೆನ್ಸರು ಆಕ್ತಿದ್ದೀರ್ಲಾ?" ಅಂತ ಕೂಗಾಡಿದ. ಅವನು ಹೋದ ಮೇಲೆ ಎಲ್ಲರಿಗೂ ಬಾಯಿ ಬಂತು, "ಅವ್ರೇ ಸುಟ್ಟವ್ರೆ, ರಾತ್ರಿ ಕರೆಂಟು ನಿಲ್ಸಕ್ಕೆ ಒಂದು ನೆಪ" ಅಂತ. ಹೊಸದು ಬರೋದು ತಡವಾಯಿತು. ಕಬ್ಬಿನ ಕೆಳಗಿನ ಪಟ್ಟೆ ಒಣಗೋಕೆ ಹಿಡಿಯಿತು, ಹಸುಗಳಿಗೆ ನೀರು ಹೊತ್ತು ನನ್ನ ಸೊಂಟ ಬಿದ್ದುಹೋಯಿತು.

ಆದರೆ ನಮ್ಮನೆಯವರು ಮನೆಯಲ್ಲಿ ಮಲಗಿದರು. ಅವರ ಗೊರಕೆ ಅಷ್ಟು ಜೋರು ಅಂತ ನನಗೆ ಗೊತ್ತೇ ಇರಲಿಲ್ಲ. ಊರವರೆಲ್ಲ ಟ್ರಾನ್ಸ್‌ಫಾರ್ಮರ್ರು ಬೇಗ ಬರಲಿ ಅಂತ ಆಫೀಸಿಗೆ ಅಲೆಯುತ್ತಿದ್ದರೆ, ಅದು ಬರೋದೇ ಬೇಡಪ್ಪ ಅಂತ ಮುತ್ತತ್ತಿರಾಯನಿಗೆ ಹರಕೆ ಹೊತ್ತವಳು ನಾನೊಬ್ಬಳೇ. ಕಬ್ಬು ಒಣಗಿದರೆ ಒಣಗಲಿ ಅನ್ನೋ ಮಟ್ಟಕ್ಕೆ ಬಂದಿದ್ದೆ.

ದೇವರು ಕೇಳಲಿಲ್ಲ. ಟ್ರಾಕ್ಟರಿನಲ್ಲಿ ಹೊಸದು ಬಂತು, ಊರವರು ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದರು. ಅವತ್ತು ಮಧ್ಯಾಹ್ನ ಊಟ ಆದ ಮೇಲೆ ನಮ್ಮನೆಯವರು ಕಂಡೆನ್ಸರನ್ನ ಜಗಲಿ ಮೇಲಿಟ್ಟು ಬಟ್ಟೆಯಲ್ಲಿ ಒರೆಸತೊಡಗಿದರು.

"ಯಾರ ಸರದಿ?" ಅಂತ ಕೇಳಿದೆ.

"ನಮ್ದೇ."

ಅವರು ಬೀಡಿಗೆ ಕಡ್ಡಿಪೆಟ್ಟಿಗೆ ತರೋಕೆ ಒಳಗೆ ಹೋದರು. ನಾನು ಆ ಡಬ್ಬಿ ಎತ್ತಿಕೊಂಡು ಹಿತ್ತಲಿಗೆ ನಡೆದು ಹಳೇ ಬಾವಿಗೆ ಎಸೆದು ಬಂದೆ. ಹೊಡೀತಾರೇನೋ, ಹೊಡೆದರೆ ಹೊಡೀಲಿ ಅಂತ ಜಗಲಿ ಮೇಲೆ ಗಟ್ಟಿಯಾಗಿ ಕೂತೆ.

"ಕಂಡೆನ್ಸರು ಎಲ್ಲಿ?"

"ಬಾವೀಲಿ. ನೀವು ರಾತ್ರಿ ಹೋಗ್ಬೇಡಿ. ನನಗೆ ಭಯ ಆಗುತ್ತೆ."

ಅವರು ಕೂಗಾಡಲಿಲ್ಲ. ಬೀಡಿಯನ್ನೂ ಹಚ್ಚಲಿಲ್ಲ. ಹತ್ತಿರ ಬಂದು ಪಕ್ಕದಲ್ಲಿ ಕೂತರು. ಆಮೇಲೆ ದನಿ ತಗ್ಗಿಸಿ, ಯಾರಿಗೂ ಕೇಳಬಾರದು ಅನ್ನೋ ಹಾಗೆ ಕೇಳಿದರು:

"ಕಂಪನಿಯೋರು ನಿನ್ನೂ ಒಳಕ್ಕಾಕಂಡ್ರಾ?"

ತಮಾಷೆ ಅಂತ ನಾನು ನಕ್ಕೆ. ಅವರು ನಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಗೆ ಹೋಗಿ ಅವರ ಕಂಡೆನ್ಸರನ್ನ ಕೇಳಿ ತಂದರು. ಅವತ್ತಿನಿಂದ ಟಾರ್ಚನ್ನೂ ನನ್ನ ಕಣ್ಣಿಗೆ ಬೀಳದ ಕಡೆ ಇಡ್ತಾರೆ.