ಕಾರಿನಡಿಯ ಮಾವ

ನನ್ನ ಮಾವನ ಮುಖಕ್ಕಿಂತ ಅವರ ಪಾದಗಳೇ ನನಗೆ ಹೆಚ್ಚು ಪರಿಚಯ. ಕೊಟ್ಟೂರಿನಲ್ಲಿ ಕೂಡ್ಲಿಗಿ ರಸ್ತೆಗೆ ಅವರದೊಂದು ತಗಡಿನ ಗ್ಯಾರೇಜು, ಹಿಂದೆಯೇ ಮನೆ. ಹಳೇ ಕಾಲದ ಕಾರು ಬಂತೆಂದರೆ ಅದರಡಿಗೆ ತೂರಿಕೊಳ್ಳುತ್ತಿದ್ದರು. ಎರಡು ಪಾದ ಹೊರಗೆ, ಬೈಗುಳ ಒಳಗಿನಿಂದ. ಅವರ ಮಗ, ಅಂದರೆ ನನ್ನ ಗಂಡ, ಲಾರಿ ಹತ್ತಿದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಹಾಗಾಗಿ ಕ್ಲಚ್ ತುಳಿಯಲು ರೊಟ್ಟಿ ಬಡಿಯುತ್ತಿದ್ದ ನಾನೇ ಹಿಟ್ಟಿನ ಕೈಯಲ್ಲಿ ಓಡಬೇಕು.

ಆ ಕಾರುಗಳಲ್ಲಿ ಪೆಡಲಿನಿಂದ ಕ್ಲಚ್ಚಿನ ಲಿವರಿನವರೆಗೆ ಬರೀ ಕಬ್ಬಿಣದ ರಾಡು, ಪಿನ್ನು. ಪಿನ್ನು ಸವೆದಿದ್ದರೆ, ರಾಡು ಬಾಗುತ್ತಿದ್ದರೆ, ಪೆಡಲ್ ಇಳಿದರೂ ಲಿವರ್ ಅಲ್ಲಾಡುವುದಿಲ್ಲ. ನಾನು ಮೇಲೆ ಕೂತು ತುಳಿಯಬೇಕು, ಅವರು ಕೆಳಗೆ ಮಲಗಿ ಲಿವರ್ ನೋಡಬೇಕು.

“ಮ್ಯಾಲ ತುಳಿದದ್ದು ಕೆಳಗ ಬರ್ಬೇಕು. ಬರ್ಲಿಲ್ಲಂದ್ರ ನಡುವ ಯಾವನೋ ತಿಂದಾನ,” ಎನ್ನುತ್ತಿದ್ದರು.

ಒಮ್ಮೆ ಹರಪನಹಳ್ಳಿಯ ಗಿರಾಕಿಯೊಬ್ಬರು ಪಕ್ಕದಲ್ಲೇ ನಿಂತಿದ್ದರು. ಮನೆಯೊಳಗಿನಿಂದ ರೊಟ್ಟಿ ಸೀದ ವಾಸನೆ ಬಂದು ನನ್ನ ಕಾಲು ತುಸು ಸಡಿಲಾಯಿತು.

“ಸುಳ್ಳು ತುಳಿತೀಯೇನು? ಗುಡೇಕೋಟ್ಯಾಗ ನಿಮ್ಮಪ್ಪ ಇದನ್ನ ಕಲಿಸ್ಯಾನೇನು?”

ಪರರೆದುರು ತವರಿನ ಹೆಸರೆತ್ತಿದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ರಾತ್ರಿ ಅವರಿಗೆ ಸೀದ ರೊಟ್ಟಿಯನ್ನೇ ಬಡಿಸಿದೆ. ಸೀದ ಅಂಚನ್ನೂ ಬಿಡದೆ ಉಂಡು ಎದ್ದರು.

ಹೋದ ವರ್ಷ ಸಕ್ಕರೆ ಕಾಯಿಲೆ ಜೋರಾಗಿ ಪಾದ ಮರಗಟ್ಟಿದವು, ಸೊಂಟವೂ ಹಿಡಿಯಿತು. ಗ್ಯಾರೇಜು ಮುಚ್ಚೋಣ ಅಂದರೆ, “ನನ್ ಕಾಲು ಪೆಡಲ್ ತುಳಿಯೋ ತನ ಮುಚ್ಚಂಗಿಲ್ಲ,” ಎಂದು ಹಾರಾಡಿದರು. ಹಡಗಲಿಯಿಂದ ಒಂದು ಹಳೇ ಕಾರು ಬಂದಾಗ ತಾವೇ ಸೀಟಿಗೆ ಹತ್ತಿದರು. ಸೆರಗು ಸಿಕ್ಕಿಸಿಕೊಂಡು ನಾನು ಕಾರಿನಡಿ ಮಲಗಿದೆ.

“ಬಂತೇನು?”

ಲಿವರ್ ಮಿಸುಕಲಿಲ್ಲ. ಪಿನ್ನು ಅಲ್ಲಾಡಿಸಿದೆ, ರಾಡು ಹಿಡಿದು ಜಗ್ಗಿದೆ. ಎಲ್ಲಾ ಬಿಗಿಯಾಗಿತ್ತು. ಅಷ್ಟೂ ವರ್ಷದ ಬೈಗುಳಕ್ಕೆ ‘ಇಲ್ಲ’ ಎಂಬ ಒಂದೇ ಮಾತು ಸಾಕಿತ್ತು.

“ಬಂತ್ರಿ, ಮಾವಾರ.”

“ಬೊಗಳಬ್ಯಾಡ. ಪೆಡಲ್ ಇನ್ನಾ ಮ್ಯಾಲ ಐತಿ, ಕೈಲೆ ಮುಟ್ಟಿ ನೋಡೀನಿ. ಬಂತೋ, ಇಲ್ಲೋ?”

“...ಇಲ್ರಿ.”

“ಪಿನ್ನು, ರಾಡು?”

“ಬಿಗಿ ಅದಾವ್ರಿ.”

“ಹಂಗಾರ ನಡುವ ತಿಂದಾಂವ ನಾನ. ಹೊರಗ ಬಾ.”

ನಾನು ಹೊರಬರುವಷ್ಟರಲ್ಲಿ ಅವರು ಗೋಡೆ ಹಿಡಿದು ಮನೆಯತ್ತ ನಡೆದಿದ್ದರು. ಮತ್ತೆ ಗ್ಯಾರೇಜಿಗೆ ಬರಲಿಲ್ಲ, ಜೋಳದ ಸುಗ್ಗಿಗೆ ಮೊದಲೇ ತೀರಿಕೊಂಡರು. ನಾನು ಅವರಿಗಾಗಿ ಮರುಗಿದ್ದು ಕಾರಿನಡಿಯಿಂದ ‘ಬಂತ್ರಿ’ ಎಂದ ಆ ಒಂದೇ ಸಲ. ಅದನ್ನೂ ಆ ಮನುಷ್ಯ ನನ್ನ ಬಾಯಿಂದಲೇ ವಾಪಸು ತೆಗೆಸಿದರು.